ಬಿ.ಎ. ಆದ ಮೇಲೆ ನರ್ಸ್ ಆಗಬಹುದೇ?

ಬಿ.ಎ. ಅಥವಾ ಬಿ.ಕಾಂ. ಮುಗಿಸಿ ಒಂದೆರಡು ವರ್ಷದಿಂದ ಮನೆಯಲ್ಲಿಯೇ ಇರುವ ಮಗಳು ನಿಮ್ಮ ಮನೆಯಲ್ಲಿಯೂ ಇರಬಹುದು. ಶಿಕ್ಷಕಿಯಾಗಬೇಕೆಂದರೆ ಮತ್ತೆ ಬಿ.ಇಡಿ., ಬ್ಯಾಂಕಿಗೆ ಹೋಗಬೇಕೆಂದರೆ ಕೋಚಿಂಗ್. ಅಷ್ಟರಲ್ಲಿ ಪರಿಚಯದವರೊಬ್ಬರು ಬಂದು, "ನರ್ಸಿಂಗ್ ಮಾಡಿಸಿ. ಹೇಗೂ ಡಿಗ್ರಿ ಆಗಿದೆಯಲ್ಲ, ಒಂದೇ ವರ್ಷದಲ್ಲಿ ಮುಗಿದುಹೋಗುತ್ತದೆ" ಎನ್ನುತ್ತಾರೆ. ಈ ಮಾತು ನಂಬಿ ಹಣ ಕಟ್ಟುವ ಮೊದಲು ಸ್ವಲ್ಪ ನಿಲ್ಲಿ.

ಇದು ಪೂರಾ ಸುಳ್ಳೇನೂ ಅಲ್ಲ. ಆದರೆ ಇಲ್ಲಿನ ಮಾತಲ್ಲ, ಹೊರದೇಶದ ಮಾತು. ಬೇರೆ ವಿಷಯದಲ್ಲಿ ಪದವಿ ಪಡೆದವರಿಗೆಂದೇ ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ 1971ರಲ್ಲಿ ವೇಗದ ನರ್ಸಿಂಗ್ ಪದವಿಯನ್ನು ಆರಂಭಿಸಿತು. 1974ರಲ್ಲಿ ಯೇಲ್ ವಿಶ್ವವಿದ್ಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನರ್ಸಿಂಗ್ ಓದಿಲ್ಲದ ಪದವೀಧರರನ್ನು ನೇರವಾಗಿ ಮೂರು ವರ್ಷದ ಸ್ನಾತಕೋತ್ತರ ಶಿಕ್ಷಣಕ್ಕೆ ಸೇರಿಸಿಕೊಂಡಿತು. ಬ್ರಿಟನ್ ಮತ್ತು ಆಸ್ಟ್ರೇಲಿಯಾದಲ್ಲಿಯೂ ಇಂಥವರಿಗೆ ಎರಡು ವರ್ಷದ ಕೋರ್ಸುಗಳಿವೆ. ವೇಗ ಎಂದ ಮಾತ್ರಕ್ಕೆ ಅದು ಸುಲಭವಲ್ಲ. ಅಮೆರಿಕದಲ್ಲಿ ಅರ್ಜಿ ಹಾಕುವ ಮೊದಲೇ ಶರೀರ ರಚನೆ, ಶರೀರ ಕ್ರಿಯೆ, ಸೂಕ್ಷ್ಮಜೀವಿ ಶಾಸ್ತ್ರ, ಸಂಖ್ಯಾಶಾಸ್ತ್ರದಂಥ ವಿಷಯಗಳನ್ನು ಕಾಲೇಜು ಮಟ್ಟದಲ್ಲಿ ಮುಗಿಸಿರಬೇಕೆಂದು ಹೆಚ್ಚಿನ ಕಡೆ ಕೇಳುತ್ತಾರೆ. ಕೋರ್ಸು ಮುಗಿದ ಮೇಲೆ ಲೈಸೆನ್ಸ್ ಪರೀಕ್ಷೆ ಬೇರೆ.

ನಮ್ಮ ದೇಶದಲ್ಲಿ ಇಂಥ ಒಳದಾರಿ ಇಲ್ಲ. ನಿಮ್ಮ ಮಗಳ ಬಿ.ಎ. ಪ್ರಮಾಣಪತ್ರ ನರ್ಸಿಂಗ್ ಕಾಲೇಜಿನ ಮೇಜಿನ ಮೇಲೆ ಒಂದು ವರ್ಷವನ್ನೂ ಉಳಿಸಿಕೊಡುವುದಿಲ್ಲ. ಅಲ್ಲಿ ಕೇಳುವುದು ಪಿಯುಸಿ ಅಂಕಪಟ್ಟಿಯನ್ನು. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಈ ಮೂರರಲ್ಲಿ ಒಟ್ಟಾಗಿ ಶೇ. 45 ಅಂಕ ಬೇಕು, ಇಂಗ್ಲಿಷ್ ಪಾಸಾಗಿರಬೇಕು. ಕಲಾ ವಿಭಾಗದಲ್ಲಿ ಓದಿದವಳಿಗೆ ತೆರೆದಿರುವ ಬಾಗಿಲು ಜಿ.ಎನ್.ಎಂ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಇದಕ್ಕೆ ಪಿಯುಸಿಯಲ್ಲಿ ಯಾವ ವಿಭಾಗವಾದರೂ ನಡೆಯುತ್ತದೆ. ಒಟ್ಟು ಶೇ. 40 ಅಂಕ ಬೇಕು, ಇಂಗ್ಲಿಷಿನಲ್ಲಿ ಪ್ರತ್ಯೇಕವಾಗಿಯೂ ಅಷ್ಟೇ ಅಂಕ. ವಯಸ್ಸು 17ರಿಂದ 35ರ ಒಳಗಿರಬೇಕು. ಮೊದಲು ಮೂರೂವರೆ ವರ್ಷವಿದ್ದ ಈ ಕೋರ್ಸು ಈಗ ಇಂಟರ್ನ್‌ಶಿಪ್ ಸೇರಿ ಮೂರು ವರ್ಷ. ಇದನ್ನು ಮುಗಿಸಿ ನೋಂದಣಿಯಾದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ.ಗೆ ದಾರಿಯಿದೆ. ಬಿ.ಎಸ್ಸಿ.ಯೇ ಬೇಕೆಂಬ ಹಟವಿದ್ದವರು ರಾಷ್ಟ್ರೀಯ ಮುಕ್ತ ಶಾಲೆಯಿಂದ ವಿಜ್ಞಾನದಲ್ಲಿ ಹನ್ನೆರಡನೇ ತರಗತಿ ಬರೆದು ಬರಬಹುದು, ಅದಕ್ಕೂ ಮಾನ್ಯತೆಯಿದೆ.

ಹಾಗಾದರೆ ಆ 'ಒಂದು ವರ್ಷದ ನರ್ಸಿಂಗ್' ಎಂದರೇನು? ಹೆಚ್ಚಾಗಿ ಅದು ರೋಗಿಗಳ ಆರೈಕೆಯ ಸಹಾಯಕಿಯ ತರಬೇತಿ. ಅದರಿಂದಲೂ ಒಂದು ದುಡಿಮೆ ಸಿಗುತ್ತದೆ, ಹೀಗಳೆಯಬೇಕಾಗಿಲ್ಲ. ಆದರೆ ಅದನ್ನು ಮುಗಿಸಿದವಳ ಹೆಸರು ನರ್ಸಿಂಗ್ ಪರಿಷತ್ತಿನ ನೋಂದಣಿಗೆ ಏರುವುದಿಲ್ಲ. ನೋಂದಣಿ ಇಲ್ಲದವಳು ಸರ್ಕಾರಿ ಸ್ಟಾಫ್ ನರ್ಸ್ ಹುದ್ದೆಗೆ ಅರ್ಜಿ ಹಾಕಲಾರಳು, ಸೌದಿಗೋ ದುಬೈಗೋ ನರ್ಸ್ ಆಗಿ ಹೋಗಲಾರಳು. ಬಿಳಿ ಕೋಟು ತೊಡಿಸಿ ಫೋಟೊ ತೆಗೆಸಿಕೊಡುವ ಸಂಸ್ಥೆಯವರು ಇದನ್ನು ತಾವಾಗಿಯೇ ಬಾಯಿಬಿಟ್ಟು ಹೇಳುತ್ತಾರೆಯೇ? ನೀವೇ ಕೇಳಬೇಕು: "ಇದನ್ನು ಮುಗಿಸಿದರೆ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಆಗುತ್ತದೆಯೇ? ಪರೀಕ್ಷೆ ಯಾರು ನಡೆಸುತ್ತಾರೆ?" ಜಿ.ಎನ್.ಎಂ. ಆದರೆ ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಹೆಸರು ಬರಬೇಕು. ಬಿ.ಎಸ್ಸಿ. ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಅಥವಾ ಒಂದು ಡೀಮ್ಡ್ ವಿಶ್ವವಿದ್ಯಾಲಯ. ಬೇರೆ ಏನಾದರೂ ಹೇಳಿ ಮಾತು ತೇಲಿಸಿದರೆ ಎದ್ದು ಬನ್ನಿ.

ನಮ್ಮ ಗಡಿ ತಾಲೂಕುಗಳಲ್ಲಿ ಇನ್ನೊಂದು ವಿಚಾರವಿದೆ. ಚಿಕ್ಕೋಡಿಯವರು ಬೆಳಗಾವಿಯ ಕಡೆ ನೋಡಿದರೆ ನಿಪ್ಪಾಣಿಯವರಿಗೆ ಕೊಲ್ಹಾಪುರವೇ ಹತ್ತಿರ. ಅಥಣಿ, ಕಾಗವಾಡದವರಿಗೆ ಆಸ್ಪತ್ರೆ ಎಂದರೆ ಮೀರಜ. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದ ಕಾಲದಿಂದಲೂ ಈ ಕಡೆಯ ಜನ ಔಷಧಿಗೆ ಅಲ್ಲಿಗೇ ಹೋಗುತ್ತ ಬಂದಿದ್ದಾರೆ. ರಾಯಬಾಗ, ಕುಡಚಿ, ಉಗಾರದಿಂದ ರೈಲೂ ಇದೆ. ಆದ್ದರಿಂದ ಮಗಳನ್ನು ಅಲ್ಲಿಯೇ ಓದಿಸೋಣ ಎನಿಸುವುದು ಸಹಜ. ಆದರೆ ಅಲ್ಲಿ ಓದಿದರೆ ನೋಂದಣಿ ಮಹಾರಾಷ್ಟ್ರ ನರ್ಸಿಂಗ್ ಪರಿಷತ್ತಿನಲ್ಲಿ ಆಗುತ್ತದೆ. ಮುಂದೆ ಕರ್ನಾಟಕದಲ್ಲಿ ಕೆಲಸ ಮಾಡಬೇಕಾದರೆ ಅದನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬೇಕು. ನಮ್ಮ ಸರ್ಕಾರದ ವಿದ್ಯಾರ್ಥಿವೇತನ ಅಲ್ಲಿನ ಕಾಲೇಜಿಗೆ ಸಿಗುತ್ತದೆಯೇ ಎಂಬುದನ್ನು ಸೇರುವ ಮೊದಲೇ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ನಿಪ್ಪಾಣಿಯ ಬೀಡಿ ಕಟ್ಟುವ ತಾಯಂದಿರು ತಮ್ಮ ಕಾರ್ಮಿಕ ಗುರುತಿನ ಚೀಟಿಯನ್ನು ಹುಡುಕಿ ತೆಗೆದಿಡಲಿ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಬೇರೆಯೇ ಇದೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಕೊನೆಯ ವಾರದಲ್ಲಿ ಓಡಬೇಡಿ.

ಇನ್ನು ಮನೆಯೊಳಗಿನ ಮಾತು. ಬಿ.ಎ. ಮೂರು ವರ್ಷ, ಇದು ಮತ್ತೆ ಮೂರು ವರ್ಷ, ಮದುವೆ ಯಾವಾಗ ಎಂದು ಅಜ್ಜಿ ಕೇಳಿಯೇ ಕೇಳುತ್ತಾರೆ. ರಾತ್ರಿ ಪಾಳಿ, ಗಂಡಸರ ವಾರ್ಡು, ಉಡುಪು, ಈ ಪ್ರಶ್ನೆಗಳೂ ಬರುತ್ತವೆ. ಇವನ್ನು ಮುಚ್ಚಿಟ್ಟು ಸೇರಿಸುವುದಕ್ಕಿಂತ ಮೊದಲೇ ಮಾತನಾಡಿಕೊಳ್ಳುವುದು ಮೇಲು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್‌ರನ್ನು ಪ್ರವಾದಿಯವರ ಮಸೀದಿಯ ಆವರಣದಲ್ಲಿದ್ದ ರುಫೈದಾರ ಡೇರೆಯಲ್ಲಿ ಆರೈಕೆ ಮಾಡಲಾಗಿತ್ತು ಎಂಬುದನ್ನು ಹಿರಿಯರಿಗೆ ನೆನಪಿಸಬಹುದು. ತಲೆಬಟ್ಟೆಗೆ ಕಾಲೇಜಿನಲ್ಲಿ ಏನು ನಿಯಮ ಎಂದು ಪ್ರವೇಶದ ದಿನವೇ ಕೇಳಿ. ಆದರೆ ಉದ್ದ ತೋಳಿನ ವಿಷಯದಲ್ಲಿ ಒಂದು ಮಾತು: ಮೊಣಕೈವರೆಗೆ ಕೈತೊಳೆಯಬೇಕಾದ ಕಡೆ ತೋಳು ಮಡಚಲೇಬೇಕು. ರೋಗಿಗೆ ಸೋಂಕು ತಗಲಬಾರದೆಂಬುದೇ ಅದರ ಕಾರಣ. ಪಾಠ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿ. ಕನ್ನಡ ಅಥವಾ ಉರ್ದು ಮಾಧ್ಯಮದಿಂದ ಬಂದವಳಿಗೆ ಮೊದಲ ಆರು ತಿಂಗಳು ಕಣ್ಣೀರು ಬರಿಸುತ್ತದೆ. ಆಗ ಮನೆಯವರು ಸಾಕು ಬಿಡು, ವಾಪಸ್ ಬಾ ಎನ್ನದಿದ್ದರೆ ಅದೇ ದೊಡ್ಡ ಸಹಾಯ.

ಮದುವೆಯಾಗಿ ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಹೋಗುವ ಪದವೀಧರೆಯರಿಗೆ ಮಾತ್ರ ಆ ವೇಗದ ಕೋರ್ಸು ನಿಜವಾಗಿಯೂ ಉಪಯೋಗಕ್ಕೆ ಬಂದೀತು. ಅಮೆರಿಕದಲ್ಲಿ ಎಚ್-4 ವೀಸಾದ ಮೇಲೆ ಓದಲು ಅಡ್ಡಿಯಿಲ್ಲ, ಕೆಲಸಕ್ಕೆ ಬೇರೆ ಅನುಮತಿ ಬೇಕು. ಅಂಥವರು ಊರು ಬಿಡುವ ಮೊದಲು ವಿಶ್ವವಿದ್ಯಾಲಯದಿಂದ ಮೊಹರು ಹಾಕಿದ ಟ್ರಾನ್ಸ್‌ಕ್ರಿಪ್ಟ್ ತೆಗೆಸಿಕೊಳ್ಳಿ, ಅಲ್ಲಿಂದ ತರಿಸುವುದು ದೊಡ್ಡ ತಾಪತ್ರಯ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆರಂಭವಾದದ್ದು 2010ರಲ್ಲಿ. ಅದಕ್ಕೂ ಮೊದಲು ಈ ಭಾಗದ ಕಾಲೇಜುಗಳಲ್ಲಿ ಪದವಿ ಪಡೆದವರು ಬೆಳಗಾವಿಗೆ ಅಲೆಯದೆ ನೇರವಾಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೇ ಹೋಗಿ.