ಸಹಿ ಹಾಕುವವನ ಕಸುಬು

ಗೃಹಪ್ರವೇಶದ ಮನೆಗೆ ಹೋದಾಗ ಒಮ್ಮೆ ಗಮನಿಸಿ. ಪಾಯ ಎತ್ತಿದ ಮೇಸ್ತ್ರಿ ಹೊಸ ಪಂಚೆ ಉಟ್ಟು ಓಡಾಡುತ್ತಿರುತ್ತಾರೆ. ವಾಸ್ಕಾಲು ನಿಲ್ಲಿಸಿದ ದಿನವೇ ಬಡಗಿಗೆ ಎಲೆ ಅಡಿಕೆ ದಕ್ಷಿಣೆ ಸಂದಿರುತ್ತದೆ. ಕರೆಂಟಿನವನು ಮಾತ್ರ ಹೋಮದ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಏಣಿಯ ಮೇಲಿರುತ್ತಾನೆ. ಹಾಲಿನ ಫ್ಯಾನಿಗೆ ಕನೆಕ್ಷನ್ ಆಗಿಲ್ಲ, ಬಾಗಿಲ ಸೀರಿಯಲ್ ಸೆಟ್ಟು ಅರ್ಧ ಉರಿಯುತ್ತಿಲ್ಲ, ನೀರಿನ ಮೋಟಾರು ಗುಂಯ್ ಎಂದು ನಿಂತಿದೆ. ಅವನು ಊಟಕ್ಕೆ ಕೂರುವುದು ಕೊನೆಯ ಪಂಕ್ತಿಯಲ್ಲಿ, ಜೇಬಿನಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡೇ.

ಈ ಕಸುಬಿಗೆ ಕೇರಿಯಿಲ್ಲ, ಕುಲವಿಲ್ಲ. ಅಕ್ಕಸಾಲಿಗನಿಗೆ, ಕುಂಬಾರನಿಗೆ, ಬಡಗಿಗೆ ಅಜ್ಜನ ಅಜ್ಜನಿಂದ ಬಂದ ಉಳಿ ತಿಗರಿಗಳಿವೆ. ವೈರ್‌ಮನ್‌ನ ವಂಶಾವಳಿ ನಮ್ಮಲ್ಲಿ ಶುರುವಾಗುವುದೇ 1902ರಿಂದ. ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಆ ವರ್ಷ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿ ಸೇರಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಇನ್ನೂ ಮೂರು ವರ್ಷ ತಡವಾಗಿ, 1905ರ ಆಗಸ್ಟಿನಲ್ಲಿ. ಅದಕ್ಕೆ ಮೊದಲು ಈ ಸೀಮೆಯಲ್ಲಿ ವೈರು ಎಳೆದ ತಾತಂದಿರು ಇದ್ದರೂ ಅಪರೂಪ. ಕೇಂದ್ರ ಸರ್ಕಾರ 2023ರಲ್ಲಿ ಪಿಎಂ ವಿಶ್ವಕರ್ಮ ಯೋಜನೆಗೆಂದು 18 ಕಸುಬುಗಳನ್ನು ಪಟ್ಟಿ ಮಾಡಿತು. ಅದರಲ್ಲಿ ದೋಣಿ ಕಟ್ಟುವವರಿದ್ದಾರೆ, ಹೂ ಕಟ್ಟುವವರಿದ್ದಾರೆ, ಬೀಗ ಮಾಡುವವರಿದ್ದಾರೆ. ಕರೆಂಟಿನವನಿಲ್ಲ. ಹಾಗೆಂದು ಪರಂಪರೆಯಿಲ್ಲದ್ದಕ್ಕೆ ಬೇಸರ ಪಡಬೇಕಿಲ್ಲ. ಐಟಿಐ ಸೇರಿ ಎರಡು ವರ್ಷ ಓದಿ, ಒಬ್ಬ ಒಳ್ಳೆಯ ಮನುಷ್ಯನ ಕೈಕೆಳಗೆ ನಾಲ್ಕು ವರ್ಷ ಗೋಡೆ ಕೊರೆದರೆ ಯಾರ ಮಗನಿಗಾದರೂ ದಕ್ಕುವ ವಿದ್ಯೆ ಇದು. ಮಗಳಿಗೂ ದಕ್ಕೀತು, ಸೈಟಿನಲ್ಲಿ ಅವಳನ್ನು ಕಾಣುವುದು ಮಾತ್ರ ಇಂದಿಗೂ ಅಪರೂಪ.

ಕುಲ ಇಲ್ಲದ ಕಡೆ ಕಾಗದ ಬರುತ್ತದೆ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳ 45ನೆಯ ನಿಯಮ ಒಂದು ಗೆರೆ ಎಳೆದಿತ್ತು. ಮನೆಯ ಯಜಮಾನ ಬಲ್ಬು ಬದಲಿಸಬಹುದು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸಬಹುದು. ಅದಕ್ಕಿಂತ ಮುಂದಿನದನ್ನು ಲೈಸೆನ್ಸ್ ಇರುವ ಕಾಂಟ್ರಾಕ್ಟರನೇ ಮಾಡಿಸಬೇಕು, ಅರ್ಹತಾ ಪತ್ರವಿರುವ ಸೂಪರ್‌ವೈಸರನ ಕಣ್ಣೆದುರು, ಪರ್ಮಿಟ್ ಇರುವ ವೈರ್‌ಮನ್‌ನ ಕೈಯಿಂದ. ಆ ನಿಯಮಗಳ ಜಾಗಕ್ಕೆ 2010ರಲ್ಲೂ ಮತ್ತೆ 2023ರಲ್ಲೂ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಬಂಧನೆಗಳು ಬಂದವು. ಗೆರೆ ಮಾತ್ರ ಹೆಚ್ಚುಕಡಿಮೆ ಅಲ್ಲೇ ಇದೆ. ಕರ್ನಾಟಕದಲ್ಲಿ ಈ ಪರ್ಮಿಟ್ಟು, ಲೈಸೆನ್ಸುಗಳ ಲೆಕ್ಕ ಇಡುವುದು ವಿದ್ಯುತ್ ಪರಿವೀಕ್ಷಣಾಲಯ. ಕರೆಂಟು ಹಂಚುವ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂಗಳಲ್ಲ. ಈ ಎರಡನ್ನೂ ಒಂದೇ ಎಂದುಕೊಂಡು ಸೆಕ್ಷನ್ ಆಫೀಸಿನ ಮುಂದೆ ಲೈಸೆನ್ಸಿಗೆ ಅರ್ಜಿ ಹಿಡಿದು ನಿಂತ ಹುಡುಗರನ್ನು ನಾನು ನೋಡಿದ್ದೇನೆ.

ವೈರ್‌ಮನ್ ಕಾಂಟ್ರಾಕ್ಟರ್ ಆಗುವುದೆಂದರೆ ಏನು? ಬೋರ್ಡು ಬರೆಸುವುದಲ್ಲ, ವಿಸಿಟಿಂಗ್ ಕಾರ್ಡಿನಲ್ಲಿ ಮಿಂಚಿನ ಚಿತ್ರ ಹಾಕಿಸುವುದೂ ಅಲ್ಲ. ಅಲ್ಲಿಯವರೆಗೆ ಅವನ ಕೈ ಕೆಲಸ ಮಾಡುತ್ತಿತ್ತು, ಇನ್ನು ಮೇಲೆ ಅವನ ಸಹಿ ಮಾಡಬೇಕು. ಹೊಸ ಮನೆಗೆ ಮೀಟರ್ ಬೇಕಾದರೆ ವೈರಿಂಗ್ ಮುಗಿದಿದೆ, ಪರೀಕ್ಷೆಯಾಗಿದೆ, ಕರೆಂಟ್ ಕೊಡಬಹುದು ಎಂದು ಕಂಪ್ಲೀಷನ್ ರಿಪೋರ್ಟಿನ ಮೇಲೆ ಒಬ್ಬರು ಬರೆದುಕೊಡಬೇಕು. ಆ ಒಬ್ಬರು ಇವನು. ಗಿಲಾವಿನ ಹಿಂದೆ ಹೂತುಹೋದ, ಇನ್ನು ಯಾರೂ ಕಾಣದ ಕೆಲಸಕ್ಕೆ ಹೆಸರು ಕೊಡುವವನು.

ನಮ್ಮದೇ ಮನೆಯ ಕಥೆ ಕೇಳಿ. ಕಟ್ಟಿಸಿದ್ದನ್ನೇ ಕೊಂಡದ್ದು. ವಾಷಿಂಗ್ ಮೆಷಿನ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಚಪ್ಪಲಿ ಹಾಕಿಕೊಂಡು ಬಟ್ಟೆ ಒಗೆಯುವುದು ಮನೆಯ ಪದ್ಧತಿಯೇ ಆಗಿತ್ತು. ಕೊನೆಗೆ ಬಂದ ಹಿರಿಯ ಕಾಂಟ್ರಾಕ್ಟರರು ಪ್ಲಗ್ಗಿನ ಬಾಕ್ಸು ಬಿಚ್ಚಿದರು. ಅರ್ಥಿನ ಹಸಿರು ವೈರು ಅಂದವಾಗಿ ಬಂದು ಸಾಕೆಟ್ಟಿಗೆ ಸೇರಿತ್ತು. ಡಿಬಿ, ಅಂದರೆ ಮನೆಗೆಲ್ಲ ಕರೆಂಟು ಹಂಚುವ ಪೆಟ್ಟಿಗೆ, ಬಿಚ್ಚಿ ಆ ವೈರಿನ ಇನ್ನೊಂದು ತುದಿ ಹುಡುಕಿದರೆ ಅದು ಎಲ್ಲಿಗೂ ಹೋಗಿರಲಿಲ್ಲ. ಮಡಚಿ ಟೇಪು ಸುತ್ತಿ ಮೂಲೆಗೆ ತುರುಕಿದ್ದರು. ಮನೆಯ ಸುತ್ತ ಅರ್ಥ್ ಗುಂಡಿಯೇ ಇರಲಿಲ್ಲ. "ವೈರು ಉಳಿಸಿಲ್ಲ ಸಾರ್, ಗುಂಡಿ ಉಳಿಸಿದ್ದಾರೆ" ಎಂದರು ಅವರು. ಮೀಟರ್ ಕೊಡುವಾಗ ಆ ಮನೆಗೂ ಒಂದು ಸಹಿ ಬಿದ್ದಿತ್ತಲ್ಲ.

ಅಂಥ ಸಹಿಗೆ ಪೇಟೆಯಲ್ಲಿ ಬಾಡಿಗೆ ಇದೆ. ಕೆಲಸ ಮಾಡಿದವನಿಗೆ ಲೈಸೆನ್ಸ್ ಇಲ್ಲ, ಲೈಸೆನ್ಸ್ ಇದ್ದವನು ಸೈಟು ನೋಡಿಲ್ಲ. ನಡುವೆ ಒಂದು ಕವರು ಕೈ ಬದಲಿಸುತ್ತದೆ. ಹೊಸದಾಗಿ ಲೈಸೆನ್ಸ್ ಪಡೆದ ಹುಡುಗನಿಗೆ ಮೊದಲ ಆಸೆ ಹುಟ್ಟುವುದೇ ಇಲ್ಲಿ. ಏಣಿ ಹತ್ತದೆ, ಕೂಲಿ ಕೊಡದೆ, ಕೂತಲ್ಲೇ ದುಡ್ಡು. ಈ ಬಾಡಿಗೆಯ ಹಣದಿಂದ ಶುರುವಾದ ವ್ಯವಹಾರ ವ್ಯವಹಾರವೇ ಅಲ್ಲ. ನಾಳೆ ಆ ಮನೆಯಲ್ಲಿ ಗೀಸರಿನ ನೀರಿಗೆ ಕೈಯಿಟ್ಟ ಮಗುವಿಗೆ ಏನಾದರೂ ಆದರೆ ಕಾಗದ ಹುಡುಕಿಕೊಂಡು ಬರುವುದು ಗೋಡೆ ಕೊರೆದವನನ್ನಲ್ಲ.

ಹಾಗಾದರೆ ಸಹಿಯ ಹಿಂದೆ ಏನಿರಬೇಕು? ಮೊದಲಿಗೆ ಮೆಗ್ಗರ್. ಹಳೆಯ ಮಾದರಿಯದಾದರೆ ಕಾಫಿ ಬೀಜ ಬೀಸುವ ಯಂತ್ರದಂತೆ ಹಿಡಿಕೆ ತಿರುಗಿಸಬೇಕು. 500 ವೋಲ್ಟ್ ಒತ್ತಡ ಹಾಯಿಸಿ ವೈರಿನ ಹೊದಿಕೆ ಸೋರುತ್ತಿದೆಯೇ ನೋಡುವ ಸಾಧನ ಇದು. ಮುಳ್ಳು ಒಂದು ಮೆಗಓಮ್‌ಗಿಂತ ಕೆಳಗೆ ಬಿದ್ದರೆ ಎಲ್ಲೋ ಮೊಳೆ ಹೊಡೆದಿದ್ದಾರೆ, ಅಥವಾ ಪೈಪಿನಲ್ಲಿ ನೀರು ನಿಂತಿದೆ. ಎರಡನೆಯದು ಅರ್ಥ್ ಟೆಸ್ಟರ್. ಇದ್ದಿಲು, ಉಪ್ಪು ತುಂಬಿ ಪೈಪು ಹೂತರೆ ಅರ್ಥಿಂಗ್ ಆಯಿತೆಂದು ತಿಳಿಯುವವರೇ ಹೆಚ್ಚು. ನೆಲಕ್ಕೆ ಕರೆಂಟು ನಿಜಕ್ಕೂ ಇಳಿಯುತ್ತದೆಯೇ ಎಂದು ಅಳೆದು ನೋಡುವವರು ಕಡಿಮೆ. ಚಿತ್ರದುರ್ಗದ ಕಲ್ಲು ನೆಲದಲ್ಲಿ ತೋಡಿದ ಗುಂಡಿಯೂ ಮಂಗಳೂರಿನ ಜೌಗು ನೆಲದ್ದೂ ಒಂದೇ ಅಂಕಿ ತೋರಿಸುವುದಿಲ್ಲ.

ಮೂರನೆಯದಕ್ಕೆ ಸಾಧನ ಬೇಡ, ಲೆಕ್ಕ ಬೇಕು. 2,000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 8.7 ಆಂಪಿಯರ್, ತಕ್ಷಣ ಬಿಸಿ ಮಾಡುವ 3,000 ವ್ಯಾಟಿನದಾದರೆ 13. ದೀಪದ ಸರ್ಕ್ಯೂಟಿನ ಸಣ್ಣ ವೈರಿನಿಂದ ಅದಕ್ಕೆ ಕವಲು ತೆಗೆದರೆ ಗೋಡೆಯೊಳಗೆ ವೈರು ದಿನವೂ ಬೇಯುತ್ತದೆ. ಇನ್ನು ಎಂಸಿಬಿ ಇದ್ದರೆ ಸಾಕು, ಶಾಕ್ ಹೊಡೆಯುವುದಿಲ್ಲ ಎಂಬ ನಂಬಿಕೆ ಓದಿದವರಲ್ಲೂ ಇದೆ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ, ಅದೂ 30 ಮಿಲಿಆಂಪಿಯರಿನದು. ಹಳೆಯ ನೂರು ಕ್ಯಾಂಡಲ್ ಎನ್ನುತ್ತಿದ್ದೆವಲ್ಲ, ಆ 100 ವ್ಯಾಟಿನ ಬಲ್ಬು ಉರಿಯಲು ಬೇಕಾದ ಕರೆಂಟಿನ ಹದಿನಾಲ್ಕನೇ ಒಂದು ಪಾಲು ದಾರಿ ತಪ್ಪಿದರೂ ಅದು ಬೀಳುತ್ತದೆ. ಹದಿನಾರು ಆಂಪಿಯರಿನ ಎಂಸಿಬಿಗೆ ಅಷ್ಟು ಸೋರಿದ್ದು ಗೊತ್ತೇ ಆಗುವುದಿಲ್ಲ. ಡಿಬಿಯಲ್ಲಿ ಆರ್‌ಸಿಸಿಬಿಯ ಮೇಲೊಂದು ಪರೀಕ್ಷೆಯ ಗುಂಡಿ ಇರುತ್ತದೆ. ಒತ್ತಿದರೆ ತಟ್ಟನೆ ಬೀಳಬೇಕು. ಕೀಲಿ ಕೊಡುವ ದಿನ ಮನೆಯವರ ಕೈಯಲ್ಲೇ ಅದನ್ನು ಒತ್ತಿಸಿ ತೋರಿಸುವ ಕಾಂಟ್ರಾಕ್ಟರ್ ಸಿಕ್ಕರೆ ಬಿಡಬೇಡಿ.

ಇಷ್ಟೆಲ್ಲ ಬಲ್ಲವನೂ ವ್ಯವಹಾರದಲ್ಲಿ ಮುಗ್ಗರಿಸುತ್ತಾನೆ. ಕಾರಣ ಕರೆಂಟಲ್ಲ, ಪಾಯಿಂಟು. ಈ ಕಸುಬಿನ ನಾಣ್ಯವೇ ಪಾಯಿಂಟು. ಒಂದು ದೀಪ, ಒಂದು ಫ್ಯಾನು, ಒಂದು ಪ್ಲಗ್ಗು, ತಲಾ ಇಷ್ಟು. ಆದರೆ ಮೆಟ್ಟಿಲ ದೀಪ ಮೇಲಿಂದಲೂ ಕೆಳಗಿಂದಲೂ ಆರಬೇಕು, ಅದು ಒಂದು ಪಾಯಿಂಟೋ ಎರಡೋ? ಒಂದೇ ಸ್ವಿಚ್ಚಿಗೆ ಆರು ಸೀಲಿಂಗ್ ದೀಪ, ಎಷ್ಟು ಲೆಕ್ಕ? ಬೆಲ್ಲು, ಟಿವಿ, ಇಂಟರ್ನೆಟ್ಟಿನ ಪೈಪು? ಇದನ್ನು ಕೆಲಸಕ್ಕೆ ಮೊದಲು ಕಾಗದದಲ್ಲಿ ಬರೆಯದವನು ಕೊನೆಯಲ್ಲಿ ಅಂಗಳದಲ್ಲಿ ನಿಂತು ಜಗಳವಾಡುತ್ತಾನೆ. ನೂರು ಪಾಯಿಂಟೆಂದು ಒಪ್ಪಿಕೊಂಡ ಮನೆ ಮುಗಿಯುವ ಹೊತ್ತಿಗೆ ನೂರಿಪ್ಪತ್ತಾಗಿರುತ್ತದೆ. ದೇವರ ಮನೆಗೆ ಇನ್ನೊಂದು, ಅತ್ತೆಯವರ ಮಂಚದ ಪಕ್ಕಕ್ಕೆ ಇನ್ನೊಂದು, ಗೋಡೆ ಬಣ್ಣವಾದ ಮೇಲೆ ಅಕ್ವೇರಿಯಮ್ಮಿಗೆ ಮತ್ತೊಂದು.

ಹಣ ಬರುವ ದಾರಿಯೂ ವಿಚಿತ್ರ. ಸ್ಲ್ಯಾಬಿನ ಕಬ್ಬಿಣ ಕಟ್ಟುವಾಗ ಪೈಪು, ಫ್ಯಾನ್ ಬಾಕ್ಸು ಕೂಡಿಸಬೇಕು. ಕಾಂಕ್ರೀಟ್ ಬೀಳುವ ಮುನ್ನ ಒಂದೇ ದಿನ. ಆಮೇಲೆ ಇಟ್ಟಿಗೆ ಕೆಲಸ ಮುಗಿಯುವವರೆಗೆ ಕಾಯಬೇಕು. ಗೋಡೆ ಕಟಿಂಗ್, ಮತ್ತೆ ಗಿಲಾವಿಗೆ ಕಾಯಬೇಕು. ವೈರು ಎಳೆದು ಬಣ್ಣದವನಿಗೆ, ಟೈಲ್ಸಿನವನಿಗೆ, ಬಡಗಿಗೆ ಕಾಯಬೇಕು. ಎಂಟು ಹತ್ತು ತಿಂಗಳು ಎಳೆಯುವ ಮನೆಯಲ್ಲಿ ಇವನ ನಿಜವಾದ ಕೆಲಸ ಕೆಲವೇ ವಾರ. ಆದರೆ ಹುಡುಗರಿಗೆ ಕೂಲಿ ಪ್ರತಿ ಶನಿವಾರ. ಹಾಗಾಗಿ ಒಂದು ಸೈಟಿನಲ್ಲಿ ಬದುಕಲಾಗದು, ಐದಾರು ಬೇಕು. ಐದಾರು ಕಡೆಯೂ ಒಂದೇ ದಿನ ಸ್ಲ್ಯಾಬ್ ಬಿದ್ದರೆ ದೇವರೇ ಗತಿ. ಕೊನೆಯ ಕಂತು ಬರುವುದು ಸ್ವಿಚ್ಚು ಕೂಡಿಸಿದ ಮೇಲೆ. ಅಷ್ಟರಲ್ಲಿ ಮನೆಯವರ ಕೈ ಬರಿದಾಗಿರುತ್ತದೆ. ಮೇಸ್ತ್ರಿಯ ಬಾಕಿ, ಬಣ್ಣದ ಬಾಕಿ, ಗೃಹಪ್ರವೇಶದ ಅಡುಗೆಯವರ ಬಾಕಿ ಎಲ್ಲ ತೀರಿದ ಮೇಲೆ ಕರೆಂಟಿನವನದು. ಕೊನೆಯ ಪಂಕ್ತಿಯ ಊಟ ಎಂದೆನಲ್ಲ, ಅದು ಊಟಕ್ಕಷ್ಟೇ ಅಲ್ಲ.

ನಾನು ಮಾತಾಡಿಸಿದ ಹಳಬರೆಲ್ಲ ಒಂದೇ ಬುದ್ಧಿ ಹೇಳಿದರು: ಮೊದಲ ವರ್ಷ ಸಾಮಾನು ಮನೆಯವರಿಂದಲೇ ತರಿಸು, ಕೂಲಿ ಮಾತ್ರ ಒಪ್ಪಿಕೋ. ತಾಮ್ರದ ದರ ಏರಿಳಿಯುತ್ತಲೇ ಇರುತ್ತದೆ. ಮಾರ್ಚಿನಲ್ಲಿ ಕೊಟ್ಟ ಕೊಟೇಷನ್ನಿಗೆ ಅಕ್ಟೋಬರಿನಲ್ಲಿ ವೈರು ಕೊಳ್ಳಲು ಹೋದವನು ದರ ಏರಿದ್ದರೆ ಕೈಯಿಂದ ಹಾಕಬೇಕಾಗುತ್ತದೆ. ಸಾಮಾನಿನ ಸಮೇತ ಒಪ್ಪಿಕೊಂಡರೆ ದರಕ್ಕೆ ಹದಿನೈದು ದಿನದ ಗಡುವು ಬರೆ. ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಅಂಗಡಿಯಲ್ಲಿ ಉದ್ರಿ ಹುಟ್ಟುವುದು ಸುಲಭ, ತೀರಿಸುವುದು ಕಷ್ಟ. ವೈರಿನ ಡಬ್ಬದೊಳಗೆ ಕೂಪನ್ ಇರುತ್ತದೆ, ಇಷ್ಟು ಕಾಯಿಲ್ ಕೊಂಡರೆ ಇಷ್ಟು ಬಹುಮಾನ. ಆ ಬಹುಮಾನ ಮನೆಯವರ ದುಡ್ಡೇ ಎಂದು ನೆನಪಿರಲಿ. ಕೆಲವರು ಅದನ್ನು ಮುಚ್ಚಿಡದೆ ಹೇಳಿ ಇಟ್ಟುಕೊಳ್ಳುತ್ತಾರೆ. ನನಗೆ ಅವರೇ ಇಷ್ಟ.

ಉಳಿದ ಕಾಗದಗಳು ಹೆದರಿಸುವಂಥವಲ್ಲ. ಉದ್ಯಮ್ ನೋಂದಣಿಗೆ ಕಾಸು ಕೇಳುವಂತಿಲ್ಲ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ. ಮುದ್ರಾ ಸಾಲದಲ್ಲಿ ಶಿಶು ಎಂಬ ಮೊದಲ ಮೆಟ್ಟಿಲು 50,000 ರೂಪಾಯಿಯವರೆಗೆ, ಕಿಶೋರ 5 ಲಕ್ಷದವರೆಗೆ. ಡ್ರಿಲ್ಲು, ಕಟಿಂಗ್ ಮೆಷಿನ್, ಮೆಗ್ಗರ್, ಹಳೆಯ ಬೈಕು, ಮೂರು ತಿಂಗಳ ಕೂಲಿ. ಶುರು ಮಾಡಲು ಇಷ್ಟು ಸಾಕೆನ್ನುತ್ತಾರೆ. ಅಂಗಡಿ ಬೇಡ. ಅಂಗಡಿಯ ಬಾಡಿಗೆ ಕಟ್ಟಲೆಂದೇ ಕೆಟ್ಟ ಕೆಲಸ ಒಪ್ಪಿಕೊಂಡವರಿದ್ದಾರೆ.

ಮನೆ ವೈರಿಂಗಿನಾಚೆಗೂ ದಾರಿಗಳಿವೆ. ಹೊಸ ಬಡಾವಣೆಗೆ ಟ್ರಾನ್ಸ್‌ಫಾರ್ಮರ್, ಕಂಬ, ಲೈನು ಬೇಕಾದಾಗ ವಿದ್ಯುತ್ ಕಂಪನಿಗೆ ಮೇಲುಸ್ತುವಾರಿಯ ಶುಲ್ಕ ಕಟ್ಟಿ ಲೈಸೆನ್ಸ್ ಇರುವ ಕಾಂಟ್ರಾಕ್ಟರನಿಂದಲೇ ಮಾಡಿಸಿಕೊಳ್ಳುವ ಪದ್ಧತಿ ಇದೆ. ಅದನ್ನು ಸೆಲ್ಫ್ ಎಕ್ಸಿಕ್ಯೂಷನ್ ಎನ್ನುತ್ತಾರೆ. ಹದಿನೈದು ಮೀಟರಿಗಿಂತ ಎತ್ತರದ ಕಟ್ಟಡವಾದರೆ ಪರಿವೀಕ್ಷಕರ ಕಣ್ಣೂ ಬೀಳುತ್ತದೆ, ಅಲ್ಲಿ ಬಾಡಿಗೆ ಸಹಿಯ ಆಟ ಅಷ್ಟು ಸಲೀಸಲ್ಲ. 2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆ 3 ಕಿಲೋವ್ಯಾಟಿನ ಚಾವಣಿ ಸೋಲಾರಿಗೆ 78,000 ರೂಪಾಯಿ ಸಹಾಯಧನ ಕೊಡುವುದರಿಂದ ಸಣ್ಣ ಊರಿನ ಕಾಂಟ್ರಾಕ್ಟರರೂ ಈಗ ಚಾವಣಿ ಹತ್ತಿದ್ದಾರೆ. ವಾಹನ ಚಾರ್ಜಿಂಗಿನ ಪಾಯಿಂಟು ಕೇಳುವವರೂ ಬರುತ್ತಿದ್ದಾರೆ. ರಾತ್ರಿಯಿಡೀ ನಿಲ್ಲದೆ ಎಳೆಯುವ ಆ ಹೊರೆಯನ್ನು ಹಳೆಯ ವರಾಂಡದ ಪ್ಲಗ್ಗಿಗೆ ಸಿಕ್ಕಿಸಿ ಬಿಡುವುದು, ಅಥವಾ ಮೀಟರಿನಿಂದ ಬೇರೆಯೇ ಲೈನು ಎಳೆಯದೆ ಆಗುವುದಿಲ್ಲ ಎಂದು ಹೇಳಿ ಗಿರಾಕಿಯನ್ನು ಕಳೆದುಕೊಳ್ಳುವುದು. ಹೊಸ ಕಾಂಟ್ರಾಕ್ಟರನ ಮುಂದೆ ಇವೆರಡೇ ದಾರಿ.

ನಮ್ಮ ಮನೆಗೆ ಬಂದ ಹಿರಿಯರ ಬಳಿ ಒಂದು ದಪ್ಪ ಲೆಡ್ಜರ್ ಇದೆ. ಸಹಿ ಹಾಕಿದ ಪ್ರತಿ ಮನೆಗೂ ಅದರಲ್ಲಿ ಒಂದು ಪುಟ: ಮೆಗ್ಗರ್ ತೋರಿಸಿದ ಅಂಕಿ, ಅರ್ಥ್ ಗುಂಡಿ ಯಾವ ಮೂಲೆಯಲ್ಲಿದೆ, ಯಾವ ಹುಡುಗ ವೈರು ಎಳೆದ. ಆಯುಧ ಪೂಜೆಯ ದಿನ ಡ್ರಿಲ್ಲು ಮೆಗ್ಗರುಗಳ ಜೊತೆ ಅದಕ್ಕೂ ಕುಂಕುಮ ಇಡುತ್ತಾರೆ. ನಮ್ಮ ಮನೆಗೆ ಹೊಸ ಗುಂಡಿ ತೋಡಿ, ಟೇಪು ಬಿಚ್ಚಿ ಆ ಹಸಿರು ವೈರಿನ ತುದಿಯನ್ನು ಸೇರಬೇಕಾದ ಕಡೆ ಸೇರಿಸಿದ ದಿನ ಅವರು ಪುಟ ತೆರೆಯಲಿಲ್ಲ. ಕೇಳಿದ್ದಕ್ಕೆ, "ಉಳಿದ ವೈರಿಂಗ್ ನಾನು ನೋಡಿಲ್ಲವಲ್ಲ" ಎಂದರು.

ನಿಮ್ಮ ಮನೆಯ ಫೈಲು ಬೀರುವಿನಲ್ಲಿದ್ದರೆ ತೆಗೆದು ಕಂಪ್ಲೀಷನ್ ರಿಪೋರ್ಟ್ ನೋಡಿ. ಕೆಳಗೆ ಒಂದು ಹೆಸರು, ಲೈಸೆನ್ಸ್ ನಂಬರು, ಸಹಿ ಇರುತ್ತದೆ. ಆ ಮನುಷ್ಯ ಎಂದಾದರೂ ನಿಮ್ಮ ಮನೆಗೆ ಬಂದಿದ್ದರೇ ಎಂದು ನೆನಪು ಮಾಡಿಕೊಳ್ಳಿ. ಬಂದ ನೆನಪಾಗದಿದ್ದರೆ ಲೈಸೆನ್ಸ್ ಇರುವ ಒಬ್ಬರನ್ನು ಮೆಗ್ಗರ್ ಸಮೇತ ಕರೆಸಿ ಒಮ್ಮೆ ಪರೀಕ್ಷೆ ಮಾಡಿಸಿ. ಅರ್ಧ ದಿನದ ಕೆಲಸ. ಕೂಲಿಯನ್ನು ಅವತ್ತೇ ಕೊಟ್ಟು ಕಳಿಸಿ.