ಫಾರ್ಮುಲಾ ಒನ್: ಹಿರಿಮೆಯ ಹದಿನಾರು ವರ್ಷ

ಮೋಟಾರು ಪಂದ್ಯಗಳಲ್ಲಿ ಅತ್ಯುನ್ನತವೆಂದು ಮಾನ್ಯವಾಗಿರುವ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ 1950ರ ಮೇ 13ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಾಯುನೆಲೆಯೊಂದರ ರಸ್ತೆಗಳ ಮೇಲೆ ಆರಂಭವಾಯಿತು. ಅಂದಿನಿಂದ ಕಳೆದಿರುವ ಏಳೂವರೆ ದಶಕಗಳಲ್ಲಿ ಯಾವ ಕಾಲಘಟ್ಟ ಎಲ್ಲಕ್ಕಿಂತ ಹಿರಿದು ಎಂಬ ವಾದ ಈ ಕ್ರೀಡೆಯ ಅಭಿಮಾನಿಗಳಲ್ಲಿ ಎಂದೂ ನಿಂತಿಲ್ಲ. ನಿಲ್ಲದಿರಲು ಕಾರಣ ಕ್ರೀಡೆಯ ಹೆಸರಿನಲ್ಲಿಯೇ ಇದೆ. ‘ಫಾರ್ಮುಲಾ’ ಎಂದರೆ ಇಲ್ಲಿ ಎಂಜಿನ್ ಎಷ್ಟು ದೊಡ್ಡದಿರಬಹುದು, ಕಾರಿನ ತೂಕ ಎಷ್ಟಿರಬೇಕು, ಅದರ ಮೈಯಾಕಾರ ಹೇಗಿರಬೇಕು ಎಂದು ವಿಧಿಸುವ ನಿಯಮಗಳ ಕಟ್ಟು. ಈ ಕಟ್ಟು ಬದಲಾದಾಗಲೆಲ್ಲ ಕ್ರೀಡೆಯ ಸ್ವರೂಪವೂ ಬದಲಾಗುತ್ತ ಬಂದಿದೆ: ಎಂಜಿನ್ನಿನ ಗಾತ್ರ, ಅಂದರೆ ಅದರ ಸಿಲಿಂಡರುಗಳ ಒಟ್ಟು ಒಳಅಳತೆ, 1961ರಲ್ಲಿ ಒಂದೂವರೆ ಲೀಟರಿಗೆ ಇಳಿಯಿತು, 1966ರಲ್ಲಿ ಮೂರು ಲೀಟರಿಗೆ ಏರಿತು, 2014ರಲ್ಲಿ ವಿದ್ಯುತ್ ಮೋಟಾರುಗಳ ಜೊತೆಗೂಡಿ 1.6 ಲೀಟರಿಗೆ ಬಂದು ನಿಂತಿತು. ಕ್ರಿಕೆಟ್ ಪಿಚ್ಚಿನ ಉದ್ದ 22 ಗಜವಾಗಿಯೇ ಉಳಿದಿರುವುದರಿಂದ ಬೇರೆ ಬೇರೆ ತಲೆಮಾರಿನ ಬ್ಯಾಟುಗಾರರನ್ನು ಸ್ವಲ್ಪಮಟ್ಟಿಗಾದರೂ ಅಕ್ಕಪಕ್ಕ ಇಟ್ಟು ನೋಡಬಹುದು. ಫಾರ್ಮುಲಾ ಒನ್ ಚಾಲಕರ ವಿಷಯದಲ್ಲಿ ಆ ಸೌಕರ್ಯವಿಲ್ಲ.

ಅಂಕಿಸಂಖ್ಯೆಗಳು ಈ ತೊಡಕನ್ನು ಬಿಡಿಸುವುದಕ್ಕಿಂತ ಹೆಚ್ಚಿಸುವುದೇ ಹೆಚ್ಚು. 1950ರಲ್ಲಿ ವರ್ಷಕ್ಕೆ ಏಳು ಪಂದ್ಯಗಳಿದ್ದವು, 2024ರಲ್ಲಿ 24; ಅಂದು ಗೆಲುವಿಗೆ ಎಂಟು ಅಂಕ ಸಿಗುತ್ತಿತ್ತು, 2010ರಿಂದ 25 ಸಿಗುತ್ತಿದೆ. ಅರ್ಜೆಂಟೀನಾದ ಹ್ವಾನ್ ಮನುವೆಲ್ ಫಾಂಜಿಯೊ ಗೆದ್ದದ್ದು 24 ಪಂದ್ಯಗಳನ್ನು, ಜರ್ಮನಿಯ ಮೈಕೆಲ್ ಶೂಮಾಕರ್ ಗೆದ್ದದ್ದು 91ನ್ನು. ಆದರೆ ಫಾಂಜಿಯೊ ಸ್ಪರ್ಧಿಸಿದ್ದೇ 51 ಪಂದ್ಯಗಳಲ್ಲಿ, ಶೂಮಾಕರ್ 306ರಲ್ಲಿ ಎಂಬುದನ್ನು ಗಮನಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಆದ್ದರಿಂದ ಹಿರಿಮೆಯನ್ನು ಅಳೆಯಲು ಗೆಲುವಿನ ಮೊತ್ತಕ್ಕಿಂತ ಬೇರೆಯಾದ ಒಂದು ಒರೆಗಲ್ಲು ಬೇಕು. ಪಂದ್ಯದ ದಿನ ಬೆಳಿಗ್ಗೆ ಗೆಲ್ಲುವ ಆಸೆಯನ್ನು ಎಷ್ಟು ಮಂದಿ ನ್ಯಾಯವಾಗಿ ಇಟ್ಟುಕೊಳ್ಳಬಹುದಾಗಿತ್ತು, ಆ ಆಸೆಗೆ ಹಣಕ್ಕಿಂತ ಹೆಚ್ಚಾಗಿ ಬುದ್ಧಿ ಮತ್ತು ಕೈಚಳಕ ಎಷ್ಟು ಆಧಾರವಾಗಿದ್ದವು ಎಂಬ ಪ್ರಶ್ನೆಯೇ ಆ ಒರೆಗಲ್ಲು ಎಂಬುದು ಈ ಲೇಖನದ ನಿಲುವು.

ಈ ಒರೆಗಲ್ಲಿಗೆ ಹಚ್ಚಿದಾಗ ಹೆಸರಾಂತ ಕಾಲಘಟ್ಟಗಳಲ್ಲಿ ಕೆಲವು ಮಸುಕಾಗುತ್ತವೆ. 1950ರ ದಶಕ ಫಾಂಜಿಯೊ ಅವರ ದಶಕ. ನಾಲ್ಕು ಬೇರೆ ಬೇರೆ ತಯಾರಕರ ಕಾರುಗಳಲ್ಲಿ ಐದು ಬಾರಿ ವಿಶ್ವ ಚಾಂಪಿಯನ್ ಆದ ಅವರು, 1957ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ, ಸುಮಾರು 22.8 ಕಿಲೋಮೀಟರ್ ಉದ್ದದ ಬೆಟ್ಟದ ಹಾದಿಯಲ್ಲಿ, ಸುತ್ತಿನ ದಾಖಲೆಯನ್ನು ಮತ್ತೆ ಮತ್ತೆ ಮುರಿಯುತ್ತ ಬಂದು ಕೊನೆಯ ಸುತ್ತುಗಳಲ್ಲಿ ಫೆರಾರಿಯ ಇಬ್ಬರು ಚಾಲಕರನ್ನು ಹಿಂದಿಕ್ಕಿದ್ದನ್ನು ಮೀರಿಸುವ ಚಾಲನೆ ವಿರಳ. ಆದರೂ ಆ ಕಾಲದಲ್ಲಿ ಗೆಲ್ಲಬಲ್ಲ ಕಾರುಗಳು ಬೆರಳೆಣಿಕೆಯ ಸಿರಿವಂತ ಕಾರ್ಖಾನೆಗಳಲ್ಲಿ ಮಾತ್ರ ಇದ್ದವು. 1980ರ ದಶಕದ ಕೊನೆ ಬ್ರೆಜಿಲಿನ ಐರ್ಟನ್ ಸೆನ್ನಾ ಮತ್ತು ಫ್ರಾನ್ಸಿನ ಆಲೆನ್ ಪ್ರೋಸ್ಟ್ ಅವರ ಹಗೆತನದಿಂದ ಕಾವೇರಿದ ಕಾಲ. ದೂರದರ್ಶನದ ಮೂಲಕ ಲೋಕದ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಅದೇ. ಆದರೆ ಅವರಿಬ್ಬರೂ ಒಂದೇ ಮೆಕ್ಲಾರೆನ್ ತಂಡದಲ್ಲಿದ್ದ 1988ರಲ್ಲಿ 16 ಪಂದ್ಯಗಳ ಪೈಕಿ 15 ಆ ತಂಡದ ಪಾಲಾದವು, ಅಂದರೆ ಉಳಿದವರಿಗೆಲ್ಲ ಒಂದೇ ಒಂದು ಉಳಿಯಿತು. ಶೂಮಾಕರ್ ಸತತ ಐದು ವರ್ಷ ಚಾಂಪಿಯನ್ ಆದ 2000ದಿಂದ 2004ರವರೆಗಿನ ಅವಧಿ, ಮರ್ಸಿಡಿಸ್ ತಂಡ ಸತತ ಎಂಟು ವರ್ಷ ತಯಾರಕರ ಪ್ರಶಸ್ತಿ ಪಡೆದ 2014ರಿಂದ 2021ರವರೆಗಿನ ಅವಧಿ, ರೆಡ್ ಬುಲ್ ತಂಡ 22ರಲ್ಲಿ 21 ಪಂದ್ಯ ಗೆದ್ದ 2023, ಇವೆಲ್ಲ ಪರಿಪೂರ್ಣತೆಯ ಕಾಲಗಳು. ಒಂದು ತಂಡದ ಪರಿಪೂರ್ಣತೆ ಮೆಚ್ಚತಕ್ಕದ್ದೇ; ಇಡೀ ಕ್ರೀಡೆಯ ಹಿರಿಮೆ ಮಾತ್ರ ಅದರಿಂದ ಬರುವಂಥದ್ದಲ್ಲ.

ಉಳಿಯುವುದು 1967ರಿಂದ 1983ರವರೆಗಿನ ಹದಿನಾರು ವರ್ಷಗಳು, ಮತ್ತು ಆ ವರ್ಷಗಳ ನಡುವೆ ಒಂದು ಎಂಜಿನ್. ಮೂರು ಲೀಟರಿನ ನಿಯಮ ಜಾರಿಗೆ ಬರುವ ಹೊತ್ತಿಗೆ ಬ್ರಿಟನ್ನಿನ ಹಲವು ತಂಡಗಳಿಗೆ ಎಂಜಿನ್ ಒದಗಿಸುತ್ತಿದ್ದ ಕವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿ ಕಣದಿಂದ ಹಿಂದೆ ಸರಿದಿತ್ತು. ಸ್ವಂತ ಎಂಜಿನ್ ತಯಾರಿಸುವ ಶಕ್ತಿಯಿಲ್ಲದ ಲೋಟಸ್ ತಂಡದ ಒಡೆಯ ಕಾಲಿನ್ ಚಾಪ್‌ಮನ್ ಹಣ ನೀಡುವವರನ್ನು ಅರಸಿದಾಗ, ಬ್ರಿಟನ್ನಿನ ಫೋರ್ಡ್ ಕಂಪನಿಯ ವಾಲ್ಟರ್ ಹೇಸ್ ಒಂದು ಲಕ್ಷ ಪೌಂಡ್ ಕೊಡಿಸಲು ಒಪ್ಪಿದರು. ಎಂಜಿನ್ನನ್ನು ರೂಪಿಸುವ ಹೊಣೆ, ಮೈಕ್ ಕಾಸ್ಟಿನ್ ಮತ್ತು ಕೀತ್ ಡಕ್‌ವರ್ತ್ ಎಂಬಿಬ್ಬರು ತಮ್ಮ ಹೆಸರುಗಳನ್ನು ಬೆಸೆದು ಕಟ್ಟಿದ್ದ ಕಾಸ್ವರ್ತ್ ಎಂಬ ಸಣ್ಣ ಸಂಸ್ಥೆಗೆ ಸೇರಿತು. ಡಕ್‌ವರ್ತ್ ವಿನ್ಯಾಸಗೊಳಿಸಿದ ಡಿಎಫ್‌ವಿ ಒಂದು ವಿ-8 ಎಂಜಿನ್, ಅಂದರೆ ನಾಲ್ಕು ನಾಲ್ಕು ಸಿಲಿಂಡರುಗಳ ಎರಡು ಸಾಲುಗಳು ಇಂಗ್ಲಿಷಿನ ವಿ ಅಕ್ಷರದಂತೆ ಓರೆಯಾಗಿ ಕೂಡಿಕೊಂಡಿರುವ ರಚನೆ. ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವುಗಳಿದ್ದ ಅದು ಆರಂಭದಲ್ಲಿಯೇ ಸುಮಾರು 400 ಅಶ್ವಶಕ್ತಿಯನ್ನು ನೀಡುತ್ತಿತ್ತು. ಅದರ ನಿಜವಾದ ಜಾಣ್ಮೆ ಇದ್ದದ್ದು ಕಾರಿಗೆ ಅದನ್ನು ಜೋಡಿಸುವ ಕ್ರಮದಲ್ಲಿ. ಚಾಲಕ ಕೂರುವ ಭಾಗದ ಹಿಂಬದಿಗೆ ಎಂಜಿನ್ನನ್ನು ಬೋಲ್ಟುಗಳಿಂದ ಬಿಗಿದು, ಹಿಂಚಕ್ರಗಳ ಸಸ್ಪೆನ್ಷನ್ನಿನ ಭಾರವನ್ನು ಎಂಜಿನ್ ಮತ್ತು ಗೇರ್‌ಬಾಕ್ಸ್‌ಗಳೇ ಹೊರುವಂತೆ ಮಾಡಿದ್ದರಿಂದ ಹಿಂಬದಿಗೆ ಪ್ರತ್ಯೇಕ ಚೌಕಟ್ಟು ಬೇಕಾಗಲಿಲ್ಲ. ಕಾರು ಹಗುರಾಯಿತು, ಸರಳವಾಯಿತು. 1967ರ ಜೂನ್ 4ರಂದು ನೆದರ್ಲೆಂಡ್ಸಿನ ಜಾಂಡ್‌ವೋರ್ಟ್‌ನಲ್ಲಿ ಈ ಎಂಜಿನ್ ಹೊತ್ತ ಲೋಟಸ್ 49 ಮೊದಲ ಬಾರಿ ಕಣಕ್ಕಿಳಿದಾಗ, ಆ ಪಂದ್ಯದ ಅಭ್ಯಾಸಕ್ಕೆ ಬರುವವರೆಗೆ ಆ ಕಾರನ್ನು ಓಡಿಸಿಯೇ ಇರದಿದ್ದ ಸ್ಕಾಟ್ಲೆಂಡಿನ ಜಿಮ್ ಕ್ಲಾರ್ಕ್ ಅದರಲ್ಲಿ ಗೆದ್ದರು.

ಇಂಥ ಎಂಜಿನ್ ಒಂದೇ ತಂಡದ ಕೈಯಲ್ಲಿ ಉಳಿದಿದ್ದರೆ ಲೋಟಸ್ ತಂಡದ ದೀರ್ಘ ಏಕಚಕ್ರಾಧಿಪತ್ಯ ಆರಂಭವಾಗುತ್ತಿತ್ತು. ಎದುರಾಳಿಗಳೇ ಇಲ್ಲದ ಗೆಲುವಿನಿಂದ ಫೋರ್ಡ್ ಹೆಸರಿಗೆ ಒಳಿತಾಗದೆಂದು ಮನಗಂಡ ಹೇಸ್, ಡಿಎಫ್‌ವಿಯನ್ನು 1968ರಿಂದ ಇತರರಿಗೂ ದೊರಕುವಂತೆ ಮಾಡಿದರು. ಬೆಲೆ ಸುಮಾರು 7,500 ಪೌಂಡ್. ಈ ಕ್ರೀಡೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ನಿರ್ಧಾರ ಬೇರೊಂದಿಲ್ಲ. ಹಣ ಕೊಟ್ಟು ಎಂಜಿನ್ ಕೊಂಡು, ಹ್ಯೂಲೆಂಡ್ ಎಂಬ ಸಂಸ್ಥೆಯ ಗೇರ್‌ಬಾಕ್ಸನ್ನೂ ಕೊಂಡು, ಸ್ವಂತ ಚಾಸಿಯನ್ನು ಕಟ್ಟಿಕೊಂಡರೆ ಸಣ್ಣ ವರ್ಕ್‌ಶಾಪೊಂದು ಫೆರಾರಿಯಂಥ ಸಂಸ್ಥೆಯ ಎದುರು ಸರಿಸಮನಾಗಿ ನಿಲ್ಲಬಹುದಾಯಿತು. ಇಂಗ್ಲೆಂಡಿನ ಮರದ ವ್ಯಾಪಾರಿ ಕೆನ್ ಟಿರೆಲ್ ತಮ್ಮ ಮರದ ಅಂಗಳದಲ್ಲಿದ್ದ ಶೆಡ್ಡಿನಿಂದಲೇ ತಂಡ ನಡೆಸಿ 1971ರಲ್ಲಿ ಚಾಲಕರ ಮತ್ತು ತಯಾರಕರ ಪ್ರಶಸ್ತಿಗಳೆರಡನ್ನೂ ಮನೆಗೆ ತಂದರು. ಮೆಕ್ಲಾರೆನ್ ತನ್ನ ಮೊದಲ ಚಾಂಪಿಯನ್‌ಷಿಪ್ಪನ್ನು 1974ರಲ್ಲಿ, ವಿಲಿಯಮ್ಸ್ ತನ್ನ ಮೊದಲನೆಯದನ್ನು 1980ರಲ್ಲಿ ಗೆದ್ದದ್ದು ಇದೇ ಎಂಜಿನ್ನಿನ ಬಲದಿಂದ.

ಬಹುಮಂದಿಯ ಎಂಜಿನ್ ಒಂದೇ ಆದಾಗ ಮೇಲುಗೈ ಬೇರೆ ಕಡೆಯಿಂದ ಬರಬೇಕಾಯಿತು, ಹಾಗಾಗಿ ಆ ವರ್ಷಗಳಲ್ಲಿ ಹೊಸ ಆಲೋಚನೆಗಳ ಸುಗ್ಗಿಯೇ ಆಯಿತು. ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿ ಕಾರಿಗೆ ಜೋಡಿಸಿದರೆ ಅದು ಕಾರನ್ನು ಮೇಲೆತ್ತುವ ಬದಲು ನೆಲಕ್ಕೆ ಒತ್ತುತ್ತದೆ, ಒತ್ತಿದಷ್ಟೂ ಟೈರಿನ ಹಿಡಿತ ಹೆಚ್ಚಿ ತಿರುವಿನಲ್ಲಿ ವೇಗ ಕಾಯ್ದುಕೊಳ್ಳಬಹುದು ಎಂಬ ಅರಿವು 1968ರಲ್ಲಿ ಕಾರ್ಯರೂಪಕ್ಕೆ ಬಂತು. ಟಿರೆಲ್ ತಂಡದ ಆರು ಚಕ್ರಗಳ ಕಾರು 1976ರಲ್ಲಿ ಸ್ವೀಡನ್ನಿನ ಪಂದ್ಯವನ್ನು ಗೆದ್ದಿತು. ಎಲ್ಲಕ್ಕಿಂತ ಆಳವಾದ ಆಲೋಚನೆ ಚಾಪ್‌ಮನ್ ತಂಡದ ‘ಗ್ರೌಂಡ್ ಎಫೆಕ್ಟ್’: ಕಾರಿನ ಇಕ್ಕೆಲದ ತಳಭಾಗವನ್ನು ರೆಕ್ಕೆಯಾಕಾರದಲ್ಲಿ ಬಾಗಿಸಿ, ಅಂಚಿಗೆ ನೆಲ ಸವರುವ ಪಟ್ಟಿಗಳನ್ನು ಇಳಿಬಿಟ್ಟರೆ, ಕಾರಿಗೂ ನೆಲಕ್ಕೂ ನಡುವಿನ ಇರುಕಿನಲ್ಲಿ ಹಾಯುವ ಗಾಳಿ ವೇಗ ಪಡೆದು ಅಲ್ಲಿನ ಒತ್ತಡ ಕುಸಿಯುತ್ತದೆ, ಕಾರು ನೆಲಕ್ಕೆ ಅಂಟಿದಂತೆ ಓಡುತ್ತದೆ. ಈ ತತ್ತ್ವದಿಂದ ಹುಟ್ಟಿದ ಲೋಟಸ್ 79ರಲ್ಲಿ ಅಮೆರಿಕದ ಮಾರಿಯೊ ಆಂಡ್ರೆಟ್ಟಿ 1978ರ ಚಾಂಪಿಯನ್ ಆದರು. ಇದು ಎದುರಾಳಿಗಳಿಲ್ಲದ ಕಣವೂ ಆಗಿರಲಿಲ್ಲ. 12 ಸಿಲಿಂಡರುಗಳ ಎಂಜಿನ್ನಿನ ಫೆರಾರಿ 1975, 1977 ಮತ್ತು 1979ರಲ್ಲಿ ಪ್ರಶಸ್ತಿಯನ್ನು ಕಸಿದುಕೊಂಡಿತು. ಫಲಿತವೆಂದರೆ 1968ರಿಂದ 1982ರವರೆಗಿನ 15 ವರ್ಷಗಳಲ್ಲಿ 11 ಬೇರೆ ಬೇರೆ ವಿಶ್ವ ಚಾಂಪಿಯನ್ನರು ಬಂದರು, ಒಬ್ಬರೂ ಬೆನ್ನುಬೆನ್ನಿಗೆ ಎರಡು ವರ್ಷ ಪಟ್ಟ ಉಳಿಸಿಕೊಳ್ಳಲಿಲ್ಲ. 1982ರ 16 ಪಂದ್ಯಗಳನ್ನು 11 ಚಾಲಕರು ಹಂಚಿಕೊಂಡರು; ಆ ವರ್ಷದ ಚಾಂಪಿಯನ್, ಫಿನ್ಲೆಂಡಿನ ಕೆಕೆ ರೋಸ್ಬರ್ಗ್, ಗೆದ್ದದ್ದು ಒಂದನ್ನು ಮಾತ್ರ.

ಈ ಕಾಲವನ್ನು ಹಿರಿದೆಂದು ಕರೆಯುವವರು ಅದು ತೆತ್ತ ಬೆಲೆಯನ್ನು ಮುಚ್ಚಿಡಲಾಗದು, ಮುಚ್ಚಿಡಬಾರದು. 1968ರ ಏಪ್ರಿಲ್‌ನಲ್ಲಿ ಕ್ಲಾರ್ಕ್ ಹಾಕನ್‌ಹೈಮ್‌ನ ಕೆಳದರ್ಜೆಯ ಪಂದ್ಯವೊಂದರಲ್ಲಿ ಮರಗಳಿಗೆ ಬಡಿದು ತೀರಿಕೊಂಡರು. 1970ರಲ್ಲಿ ಮೊನ್ಜಾದಲ್ಲಿ ಸತ್ತ ಯೋಕೆನ್ ರಿಂಟ್ ಅವರಿಗೆ ಆ ವರ್ಷದ ಪ್ರಶಸ್ತಿ ಮರಣೋತ್ತರವಾಗಿ ಸಂದಿತು. 1973ರಲ್ಲಿ ಜಾಂಡ್‌ವೋರ್ಟ್‌ನಲ್ಲಿ ಮಗುಚಿ ಹೊತ್ತಿಕೊಂಡ ಕಾರಿನಡಿ ಸಿಕ್ಕಿಬಿದ್ದ ರೋಜರ್ ವಿಲಿಯಮ್ಸನ್ ಅವರನ್ನು ಉಳಿಸಲು ಸಹಸ್ಪರ್ಧಿ ಡೇವಿಡ್ ಪರ್ಲಿ ತಮ್ಮ ಕಾರು ನಿಲ್ಲಿಸಿ ಓಡಿಬಂದು, ಒಬ್ಬರೇ ಆ ಕಾರನ್ನು ಎತ್ತಿ ನಿಲ್ಲಿಸಲು ಹೆಣಗುತ್ತಿದ್ದಾಗ, ಬೆಂಕಿ ತಡೆಯುವ ಉಡುಪಿಲ್ಲದ ಸಿಬ್ಬಂದಿ ಹತ್ತಿರ ಹೋಗಲಾರದೆ ನಿಂತಿದ್ದರು, ಉಳಿದ ಕಾರುಗಳು ಪಕ್ಕದಲ್ಲೇ ಹಾಯುತ್ತಿದ್ದವು. ಯಾವ ಗೆಲುವೂ ಆ ದೃಶ್ಯಕ್ಕೆ ಸಮಾಧಾನ ಹೇಳಲಾರದು.

ಆದರೆ ಸಾವನ್ನು ಈ ಕ್ರೀಡೆಯ ಹಣೆಬರಹವೆಂದು ಒಪ್ಪದೆ ಎದ್ದು ನಿಂತವರೂ ಅದೇ ಕಾಲದವರು, ಅವರಲ್ಲಿ ಮೊದಲಿಗರು ಸ್ಕಾಟ್ಲೆಂಡಿನ ಜಾಕಿ ಸ್ಟೀವರ್ಟ್. 1966ರಲ್ಲಿ ಬೆಲ್ಜಿಯಮ್ಮಿನ ಸ್ಪಾ ಹಾದಿಯಲ್ಲಿ ಮಳೆಯಲ್ಲಿ ಜಾರಿ ಹೊರಬಿದ್ದ ಅವರು ಪೆಟ್ರೋಲಿನಲ್ಲಿ ತೊಯ್ದು ಕಾರಿನೊಳಗೇ ಸಿಕ್ಕಿಕೊಂಡಿದ್ದಾಗ, ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಂಟ್ ಎಂಬ ಇಬ್ಬರು ಚಾಲಕರು ಪ್ರೇಕ್ಷಕರೊಬ್ಬರಿಂದ ಸ್ಪ್ಯಾನರ್ ಪಡೆದು ಸ್ಟೀರಿಂಗ್ ಬಿಚ್ಚಿ ಅವರನ್ನು ಹೊರಗೆಳೆದರು. ಅನಂತರ ತಮ್ಮ ಕಾರಿನಲ್ಲಿ ಸದಾ ಒಂದು ಸ್ಪ್ಯಾನರ್ ಅಂಟಿಸಿಕೊಂಡೇ ಓಡಿಸಿದ ಸ್ಟೀವರ್ಟ್, ಸೀಟ್ ಬೆಲ್ಟು, ರಸ್ತೆಯಂಚಿನ ತಡೆಗೋಡೆ, ಪಂದ್ಯದ ಸ್ಥಳದಲ್ಲಿಯೇ ವೈದ್ಯರು ಇವುಗಳಿಗಾಗಿ ವರ್ಷಗಟ್ಟಲೆ ಹೋರಾಡಿದರು. ಚಾಲಕರ ಒಗ್ಗಟ್ಟಿನಿಂದ 1969ರಲ್ಲಿ ಸ್ಪಾ ಪಂದ್ಯ ರದ್ದಾಯಿತು, 1970ರ ಜರ್ಮನ್ ಪಂದ್ಯ ನ್ಯೂರ್ಬರ್ಗ್‌ರಿಂಗ್ ಬಿಟ್ಟು ಹಾಕನ್‌ಹೈಮ್‌ಗೆ ಹೋಯಿತು. ಸಾಹಸದ ರೋಚಕತೆ ಕೆಡುತ್ತದೆಂದು ಅವರನ್ನು ಹೀಗಳೆದವರಿದ್ದರು. ಆದರೆ ಹಾಗೆ ಹೋರಾಡಿದವರು 99 ಪಂದ್ಯಗಳಲ್ಲಿ 27ನ್ನು ಗೆದ್ದು ಮೂರು ಬಾರಿ ಚಾಂಪಿಯನ್ ಆದವರಾಗಿದ್ದರಿಂದ ಹೇಡಿತನದ ಆರೋಪ ಅವರಿಗೆ ತಾಗಲಿಲ್ಲ. ನೂರನೆಯ ಪಂದ್ಯಕ್ಕೆ ಮುನ್ನ, 1973ರ ಅಕ್ಟೋಬರ್‌ನಲ್ಲಿ, ಅವರ ತಂಡದ ಕಿರಿಯ ಗೆಳೆಯ ಫ್ರಾನ್ಸ್ವಾ ಸೆವೆರ್ ಅಭ್ಯಾಸದಲ್ಲಿ ಸತ್ತರು. ಸ್ಟೀವರ್ಟ್ ಆ ಪಂದ್ಯದಲ್ಲಿ ಓಡಲಿಲ್ಲ, ಮತ್ತೆಂದೂ ಓಡಲಿಲ್ಲ. 1978ರಲ್ಲಿ ನರಶಸ್ತ್ರಚಿಕಿತ್ಸಕ ಸಿಡ್ ವಾಟ್ಕಿನ್ಸ್ ಈ ಕ್ರೀಡೆಯ ವೈದ್ಯಕೀಯ ಹೊಣೆ ಹೊತ್ತರು. 2020ರಲ್ಲಿ ಬಹ್ರೇನ್‌ನಲ್ಲಿ ರೋಮೆ ಗ್ರೋಜಾನ್ ಅವರ ಕಾರು ತಡೆಬೇಲಿಗೆ ನುಗ್ಗಿ ಎರಡು ತುಂಡಾಗಿ ಹೊತ್ತಿ ಉರಿದರೂ ಅವರು ತಾವೇ ಜ್ವಾಲೆಯಿಂದ ಹೊರಬರಲು ಸಾಧ್ಯವಾದದ್ದರ ಹಿಂದೆ, ಚಾಲಕನ ತಲೆಯ ಮೇಲಿನ ‘ಹೇಲೋ’ ಎಂಬ ರಕ್ಷಾಕವಚದ ಜೊತೆಗೆ, ಈ ಅರ್ಧ ಶತಮಾನದ ಹಟವೂ ಇದೆ.

ಇಂದಿನ ಕಾಲದ ಪರವಾದ ವಾದ ಹುರುಳಿಲ್ಲದ್ದಲ್ಲ. ಇಂಧನದ ಶಾಖಶಕ್ತಿಯಲ್ಲಿ ಅರ್ಧದಷ್ಟನ್ನು ಕೆಲಸಕ್ಕೆ ಹಚ್ಚಬಲ್ಲ ಹೈಬ್ರಿಡ್ ಎಂಜಿನ್ನುಗಳು ತಂತ್ರಜ್ಞಾನದ ವಿಸ್ಮಯವೇ ಸರಿ, 2024ರಲ್ಲಿ ಏಳು ಚಾಲಕರು ತಲಾ ಎರಡು ಅಥವಾ ಹೆಚ್ಚು ಪಂದ್ಯ ಗೆದ್ದದ್ದೂ ನಿಜ. ಎಂಜಿನ್ ಕೊಂಡು ಸ್ಪರ್ಧಿಸುವ ಪದ್ಧತಿಯೂ ಅಳಿದಿಲ್ಲ: ಬೆಂಗಳೂರಿನ ಯುಬಿ ಸಮೂಹದ ಅಧ್ಯಕ್ಷರಾಗಿದ್ದ ವಿಜಯ್ ಮಲ್ಯ ಅವರ ಒಡೆತನದ, ಸಿಲ್ವರ್‌ಸ್ಟೋನ್‌ನಲ್ಲಿ ನೆಲೆಸಿದ್ದ ಫೋರ್ಸ್ ಇಂಡಿಯಾ ತಂಡ 2009ರಲ್ಲಿ ಮರ್ಸಿಡಿಸ್ ಎಂಜಿನ್ ಕೊಂಡು, ಸ್ಪಾದಲ್ಲಿ ಜಾನ್‌ಕಾರ್ಲೊ ಫಿಸಿಕೆಲ್ಲಾ ಅವರ ಮೂಲಕ ಮೊದಲ ಸ್ಥಾನದಿಂದ ಪಂದ್ಯ ಆರಂಭಿಸಿ, ಫೆರಾರಿಗೆ ಒಂದು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಎರಡನೆಯದಾಯಿತು. ಆದರೆ ಅಂಥದ್ದು ಈಗ ಅಪರೂಪದ ದಿನ. ಡಿಎಫ್‌ವಿ ಕಾಲದಲ್ಲಿ ಅದು ವರ್ಷ ವರ್ಷದ ವಾಡಿಕೆಯಾಗಿತ್ತು.

ಆ ವಾಡಿಕೆಯನ್ನು ಮುಗಿಸಿದ್ದು ಟರ್ಬೊ, ಅಂದರೆ ಎಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸದಿಂದಲೇ ತಿರುಗಿ ಒಳಕ್ಕೆ ಹೆಚ್ಚು ಗಾಳಿಯನ್ನು ತುರುಕುವ ಸಾಧನ. 1977ರಲ್ಲಿ ಫ್ರಾನ್ಸಿನ ರೆನೋ ಕಂಪನಿ ಅದನ್ನು ತಂದಾಗ ಕೆಟ್ಟು ನಿಲ್ಲುತ್ತಿದ್ದ ಕಾರು ಎರಡೇ ವರ್ಷದಲ್ಲಿ ಗೆದ್ದಿತು, 1980ರ ದಶಕದ ನಡುವಿನ ಹೊತ್ತಿಗೆ ಅರ್ಹತಾ ಸುತ್ತುಗಳಲ್ಲಿ ಟರ್ಬೊ ಎಂಜಿನ್ನುಗಳ ಶಕ್ತಿ ಸಾವಿರ ಅಶ್ವಶಕ್ತಿಯನ್ನು ದಾಟಿತು. ಅಂಥ ಎಂಜಿನ್ ತಯಾರಿಸುವುದು ದೊಡ್ಡ ಕಂಪನಿಗಳಿಗಷ್ಟೇ ಎಟುಕುವ ಮಾತಾಗಿತ್ತು. 1983ರ ಜೂನ್ 5ರಂದು, ಜಾಂಡ್‌ವೋರ್ಟ್‌ನ ಮೊದಲ ಗೆಲುವಿಗೆ ಹದಿನಾರು ವರ್ಷ ತುಂಬಿದ ಮರುದಿನ, ಫೋರ್ಡ್ ಕಾರುಗಳ ತವರಾದ ಡೆಟ್ರಾಯಿಟ್ ನಗರದ ಇಕ್ಕಟ್ಟಾದ ಬೀದಿಗಳಲ್ಲಿ ಪಂದ್ಯ ನಡೆಯಿತು. ಮುಂದಿದ್ದ ನೆಲ್ಸನ್ ಪಿಕೆ ಅವರ ಟರ್ಬೊ ಕಾರಿನ ಟೈರು ಕೊನೆಯ ಸುತ್ತುಗಳಲ್ಲಿ ಗಾಳಿ ಕಳೆದುಕೊಂಡಾಗ, ಅದೇ ಹಳೆಯ ಎಂಜಿನ್ನಿನ ಪರಿಷ್ಕೃತ ರೂಪವನ್ನು ಹೊತ್ತಿದ್ದ ಮಿಕೇಲೆ ಆಲ್ಬೊರೆಟೊ ಅವರ ಕಾರು ಅದನ್ನು ದಾಟಿ ಗೆದ್ದಿತು. ಡಿಎಫ್‌ವಿ ವಂಶದ 155ನೆಯ ಹಾಗೂ ಕಡೆಯ ಗೆಲುವಾದ ಅದು, ಮರದ ವ್ಯಾಪಾರಿ ಕೆನ್ ಟಿರೆಲ್ ಅವರ ತಂಡಕ್ಕೂ ಕಡೆಯದಾಯಿತು.