ಕರೆಗೆ ಓಗೊಡುವ ಸಹಾಯವಾಣಿಗಳು



ಶೃಂಗೇರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ಕೆರೆಕಟ್ಟೆ ಕಾಡಿನ ನಡುವಣ ಊರು. ಅಲ್ಲಿಯೂ ಕೊಪ್ಪ, ನರಸಿಂಹರಾಜಪುರದ ಕಡೆಯ ಅನೇಕ ಹಳ್ಳಿಗಳಲ್ಲಿಯೂ ಮನೆಗಳು ಒಂದಕ್ಕೊಂದು ದೂರ. ಮಕ್ಕಳು ನಗರ ಸೇರಿ, ವೃದ್ಧ ತಂದೆತಾಯಿಗಳು ತೋಟದ ಮನೆಯಲ್ಲಿ ಉಳಿದಿರುವುದನ್ನು ನಾವೆಲ್ಲರೂ ಕಾಣುತ್ತಿದ್ದೇವೆ. ಮಳೆಗಾಲದ ರಾತ್ರಿ ಇಂಥ ಮನೆಗಳಿಗೆ ದೂರವಾಣಿಯೇ ನೆರೆಹೊರೆ. ಆದರೆ ಯಾವ ಸಂಕಟಕ್ಕೆ ಯಾವ ಸಂಖ್ಯೆಯೆಂಬುದನ್ನು ಮೊದಲೇ ಅರಿತಿರಬೇಕು.

ಎದೆನೋವು, ಹಾವಿನ ಕಡಿತ, ಹೆರಿಗೆ ನೋವು, ಅಪಘಾತ: ಇವು ತಡೆದು ನೋಡುವಂಥವಲ್ಲ. ಕೂಡಲೇ 108ಕ್ಕೆ ಕರೆ ಮಾಡಬೇಕು. 'ಆರೋಗ್ಯ ಕವಚ' ಎಂಬ ಈ ಉಚಿತ ಆಂಬುಲೆನ್ಸ್ ಸೇವೆ ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು. ಪೊಲೀಸ್, ಅಗ್ನಿಶಾಮಕ ದಳ ಮೊದಲಾದ ತುರ್ತು ನೆರವಿಗೆ 112. ನಮ್ಮ ಮೊಬೈಲಿನಲ್ಲಿ ಸಿಗ್ನಲ್ ಇಲ್ಲದಿದ್ದರೂ, ಬೇರೆ ಕಂಪನಿಯ ಸಿಗ್ನಲ್ ದೊರೆಯುವ ಜಾಗದಲ್ಲಿ ಈ ಕರೆ ಸಾಮಾನ್ಯವಾಗಿ ಸಾಗುತ್ತದೆ.

ತುರ್ತಿಲ್ಲದ ಆರೋಗ್ಯ ಸಲಹೆಗೆ, ಸರ್ಕಾರಿ ಆರೋಗ್ಯ ಸೇವೆಗಳ ಮಾಹಿತಿಗೆ 104. ಪಿಂಚಣಿ, ಕಾನೂನು ಸಲಹೆ, ಮನೆಯವರಿಂದಲೇ ಆಗುವ ಕಿರುಕುಳ ಮೊದಲಾದ ಹಿರಿಯರ ಕಷ್ಟಗಳಿಗೆ 14567. ಇದು ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಸಂಕಟದಲ್ಲಿರುವ ಮಕ್ಕಳಿಗೆ 1098, ಮಹಿಳೆಯರಿಗೆ 181.

ಮನಸ್ಸಿನ ನೋವನ್ನು ನಾವು ಬಹುಮಟ್ಟಿಗೆ ಮುಚ್ಚಿಡುತ್ತೇವೆ. ಸಾಲ, ಬೆಳೆನಷ್ಟ, ಒಂಟಿತನ, ಬಾಣಂತಿಯ ಖಿನ್ನತೆ, ಬದುಕೇ ಬೇಡವೆನಿಸುವ ಭಾವ: ಯಾವುದಿದ್ದರೂ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ 'ಟೆಲಿ ಮಾನಸ್' ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ತರಬೇತಿ ಪಡೆದ ಆಪ್ತಸಮಾಲೋಚಕರು ಕನ್ನಡದಲ್ಲಿಯೇ ಆಲಿಸುತ್ತಾರೆ. ಅಗತ್ಯವಿದ್ದರೆ ಮನೋವೈದ್ಯರ ಸಂಪರ್ಕ ಕಲ್ಪಿಸುತ್ತಾರೆ. ಜ್ವರಕ್ಕೆ ವೈದ್ಯರನ್ನು ಕೇಳಲು ನಾಚದ ನಾವು ಇದಕ್ಕೂ ನಾಚಬೇಕಾಗಿಲ್ಲ.

ಆಂಬುಲೆನ್ಸಿಗೆ ಕರೆ ಮಾಡಿದಾಗ ಊರು, ತಾಲ್ಲೂಕು, ಹತ್ತಿರದ ಶಾಲೆ ಅಥವಾ ಸೇತುವೆಯ ಗುರುತನ್ನು ಮೊದಲು ಹೇಳಬೇಕು. ಬಳಿಕ ರೋಗಿಯ ವಯಸ್ಸು ಮತ್ತು ತೊಂದರೆ. ಒಂದೇ ಹೆಸರಿನ ಹಳ್ಳಿಗಳು ಹಲವಿರುವುದರಿಂದ ತಾಲ್ಲೂಕಿನ ಹೆಸರನ್ನು ಮರೆಯಬಾರದು. ಅವರು ಹೇಳುವ ತನಕ ಫೋನ್ ಇಡಬಾರದು. ವಾಹನ ಮನೆಯವರೆಗೆ ಬರಲಾಗದಿದ್ದರೆ ಒಬ್ಬರು ಟಾರ್ಚ್ ಹಿಡಿದು ಮುಖ್ಯರಸ್ತೆಯಲ್ಲಿ ಕಾಯಬೇಕು.

ಈ ಸಂಖ್ಯೆಗಳನ್ನು ದಪ್ಪ ಅಕ್ಷರಗಳಲ್ಲಿ ಬರೆದು ಫೋನಿನ ಬಳಿಯ ಗೋಡೆಗೆ ಅಂಟಿಸೋಣ. ಓದಲು ಬಾರದ ನೆರೆಮನೆಯ ಅಜ್ಜಿಗೂ ಕರೆ ಮಾಡುವುದನ್ನು ಕಲಿಸಿಕೊಡೋಣ. ಅದೂ ಒಂದು ದಾಸೋಹವೇ.